ದಾರಿಯ ಹಕ್ಕು

ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನ್‌ನ ಶಾಖೆಗಳಲ್ಲೊಂದೆಂದು ಪ್ರವಾದಿವರ್ಯರು(ಸ) ಕಲಿಸಿರುವರು. ಮುಳ್ಳಿನ ಕೊಂಬೆಯೊಂದನ್ನು ದಾರಿಯಿಂದ ಸರಿಸಿದವನಿಗೆ ಅಲ್ಲಾಹನು ಕ್ಷಮೆ ನೀಡಿದ ವೃತ್ತಾಂತವೂ ಹದೀಸ್‌ನಲ್ಲಿದೆ. ಬೀದಿಯಲ್ಲಿ ಕುಳಿತುಕೊಳ್ಳಲೇಬೇಕಾದವರು ದಾರಿಯ ಹಕ್ಕನ್ನು ಸಲ್ಲಿಸಬೇಕು, ಯಾರಿಗೂ ಉಪದ್ರವ ಕೊಡಬಾರದು ಎಂದೂ ಅವರು ತಾಕೀತು ಮಾಡಿದ್ದರು. ಇದೆಲ್ಲ ನಾವು ಮದ್ರಸದಲ್ಲೇ ಕಲಿತ ಪಾಠ. ಆದರೆ ಇಂದು ನಮ್ಮ ನಗರದ ಬೀದಿಯಲ್ಲಿ ಆ ಮುಳ್ಳು ಯಾವುದು, ಅದನ್ನು ಅಲ್ಲಿಟ್ಟವರು ಯಾರು ಎಂದು ಎಂದಾದರೂ ಯೋಚಿಸಿದ್ದೀರಾ?

ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿನಿಂದ ನೋಡಿರಿ. ನಡೆಯುವವನಿಗೆ ಅರ್ಧ ಅಡಿಯ ಮೆಟ್ಟಿಲು ಲೆಕ್ಕಕ್ಕೇ ಬರುವುದಿಲ್ಲ. ಅವರಿಗೆ ಅದು ಗೋಡೆ. ಫುಟ್‌ಪಾತ್ ಹತ್ತಲು ಇಳಿಜಾರಿಲ್ಲದಿದ್ದರೆ ಬಸ್ಸು ಲಾರಿಗಳ ನಡುವೆಯೇ ಸಾಗಬೇಕು. ಚರಂಡಿ ಚಪ್ಪಡಿಗಳ ಸಂದಿಯಲ್ಲಿ ಮುಂದಿನ ಚಿಕ್ಕ ಗಾಲಿ ಸಿಕ್ಕಿಕೊಂಡರೆ ಕುಳಿತವರು ಮುಗ್ಗರಿಸಿ ಬೀಳಬಹುದು. ಬೈಕುಗಳನ್ನು ತಡೆಯಲೆಂದು ನೆಟ್ಟ ಕಂಬಗಳ ನಡುವೆ ಕನಿಷ್ಠ ಮೂರಡಿ ಬಿಡದಿದ್ದರೆ ಬೈಕು ಹೇಗೋ ನುಸುಳುತ್ತದೆ, ಗಾಲಿಕುರ್ಚಿ ನಿಲ್ಲುತ್ತದೆ!

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಕ್ಕಿ ವಿಕಲಚೇತನರಿದ್ದಾರೆ. ಎಲ್ಲರೂ ಗಾಲಿಕುರ್ಚಿಯವರಲ್ಲ, ನಿಜ. ರಸ್ತೆ, ಕಟ್ಟಡ, ವಾಹನಗಳು ಇವರಿಗೂ ಬಳಸಲು ಸಾಧ್ಯವಾಗುವಂತಿರಬೇಕೆಂದು 2016ರ ಕಾಯಿದೆ ಹೇಳುತ್ತದೆ. ನಗರಪಾಲಿಕೆ ಮಾಡಬೇಕಾದುದನ್ನು ಕೇಳಿಯೇ ಪಡೆಯೋಣ. ಆದರೆ ಕಾರು ಹತ್ತಲೆಂದು ಗೇಟಿನ ಮುಂದೆ ಫುಟ್‌ಪಾತ್‌ಗೆ ಅಡ್ಡಲಾಗಿ ಕಾಂಕ್ರೀಟ್ ಹಾಕಿಸಿದವರು ನಗರಪಾಲಿಕೆಯವರೇ? ಆ ಓರೆಯಲ್ಲಿ ಗಾಲಿಕುರ್ಚಿ ಒಂದು ಬದಿಗೆ ವಾಲುತ್ತದೆ. ಮನೆ ಕಟ್ಟುವಾಗ ತಿಂಗಳುಗಟ್ಟಲೆ ಬೀದಿಯಲ್ಲಿ ಬಿದ್ದಿರುವ ಜಲ್ಲಿ ರಾಶಿ ಯಾರದು?

ಇನ್ನು ಶುಕ್ರವಾರದ ಮಾತು. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು. ಜುಮಾಕ್ಕೆ ತಡವಾಯಿತೆಂದು ಧಾವಿಸಿ ಬರುವ ನಾವು ಮಸೀದಿಯ ಗೇಟಿನವರೆಗೂ ಬೈಕುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಒಳಗೆ ಸಫ್ ಸೇರುತ್ತೇವೆ. ಗಾಲಿಕುರ್ಚಿಯ ಸಹೋದರರೊಬ್ಬರು ಜುಮಾಕ್ಕೆ ಬಾರದಿದ್ದರೆ, 'ಪಾಪ, ಅವರಿಗೆ ವಿನಾಯಿತಿ ಇದೆಯಲ್ಲ' ಎನ್ನುತ್ತೇವೆ.

ವಿನಾಯಿತಿ ಇದೆ, ಸಂದೇಹವಿಲ್ಲ. ಇತ್‌ಬಾನ್ ಬಿನ್ ಮಾಲಿಕ್‌ರ(ರ) ದೃಷ್ಟಿ ಮಂದವಾಗಿತ್ತು. ಮಳೆ ಬಂದರೆ ಅವರ ಮನೆಗೂ ಅವರ ಜನರ ಮಸೀದಿಗೂ ನಡುವಿನ ಕಣಿವೆಯಲ್ಲಿ ನೀರು ಹರಿಯುತ್ತಿತ್ತು. ಅವರು ಪ್ರವಾದಿವರ್ಯರನ್ನು(ಸ) ಮನೆಗೆ ಆಹ್ವಾನಿಸಿದರು. ಪ್ರವಾದಿವರ್ಯರು(ಸ) ಅಬೂಬಕರ್‌ರೊಂದಿಗೆ(ರ) ಹೋಗಿ, ಅವರು ತೋರಿಸಿದ ಜಾಗದಲ್ಲಿ ನಮಾಝ್ ನಿರ್ವಹಿಸಿದರು. ಆದರೆ ಸಹೋದರರೇ, ಇತ್‌ಬಾನ್‌ರ(ರ) ದಾರಿಗೆ ಅಡ್ಡವಾದುದು ಮಳೆಯ ನೀರು. ನಮ್ಮ ಸಹೋದರರ ದಾರಿಗೆ ಅಡ್ಡವಾದುದು ನಮ್ಮ ಬೈಕು. ಅಲ್ಲಾಹನು ಕರುಣಿಸಿದ ವಿನಾಯಿತಿಯನ್ನು ನಮ್ಮ ಉಪದ್ರವಕ್ಕೆ ಮುಸುಕಾಗಿಸುವುದು ಎಂತಹ ನ್ಯಾಯ?

ಮಸೀದಿಯ ಕಮಿಟಿಯವರಲ್ಲಿ ಒಂದು ವಿನಂತಿ. ಕಡಿದಾದ ಹಲಗೆಯೊಂದನ್ನಿಟ್ಟರೆ ಸಾಲದು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಎರಡು ಅಡಿ ಎತ್ತರದ ಜಗಲಿಗೆ 24 ಅಡಿ. ಜಾಗವಿಲ್ಲದಿದ್ದರೆ ತಿರುವು ಕೊಟ್ಟು ಕಟ್ಟಬಹುದು. ವುಝೂವಿನ ಸ್ಥಳವನ್ನೂ ಮರೆಯಬೇಡಿ. ಮೇಸ್ತ್ರಿಯನ್ನು ಕರೆಸುವ ಮೊದಲು, ಜುಮಾಕ್ಕೆ ಬಾರದಿರುವ ಆ ಸಹೋದರರ ಮನೆಗೆ ಹೋಗಿರಿ. ಅಲ್ಲಿಂದ ಮಸೀದಿಯವರೆಗೆ ಅವರ ಕುರ್ಚಿಯ ಜೊತೆಯಲ್ಲಿ ಒಮ್ಮೆ ನಡೆದು ಬನ್ನಿರಿ. ಎಲ್ಲೆಲ್ಲಿ ತಡೆಯಿದೆಯೆಂದು ಅವರೇ ತೋರಿಸುವರು.