ಖರಾಬು ಜಮೀನು ಮತ್ತು ಅನರ್ಥದಂಡ ವ್ರತ

ಅಷ್ಟಮಿ ಚತುರ್ದಶಿಗಳಂದು ಹಸಿರು ಕಾಯಿಪಲ್ಯವನ್ನು ವರ್ಜಿಸುವ, ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ನಂತರ ಆಹಾರವನ್ನು ಮುಟ್ಟದ ಶ್ರಾವಕನೊಬ್ಬನು ತಾನು ಕೊಂಡ ನಾಲ್ಕು ಎಕರೆ ಹುಲ್ಲುನೆಲವನ್ನು ಯಂತ್ರದಿಂದ ಒಂದೇ ದಿನದಲ್ಲಿ ಸಮತಟ್ಟು ಮಾಡಿಸಿದರೆ, ಅವನ ವ್ರತವು ಉಳಿಯಿತೇ? ಹೊಲಗಳು ನಿವೇಶನಗಳಾಗುತ್ತಿರುವ ತುಮಕೂರು, ಗುಬ್ಬಿ, ಕುಣಿಗಲ್ ಪ್ರಾಂತದ ಜೈನ ಮನೆತನಗಳಿಗೆ ಈ ಪ್ರಶ್ನೆಯು ದೂರದ್ದಲ್ಲ.

ಕಂದಾಯದ ಲೆಕ್ಕದಲ್ಲಿ ಸಾಗುವಳಿಗೆ ಬಾರದ ನೆಲಕ್ಕೆ ‘ಖರಾಬು’ ಎಂದು ಹೆಸರು. ಜೈನಾಗಮದ ಲೆಕ್ಕದಲ್ಲಿ ಅಂಥ ನೆಲವೇ ಇಲ್ಲ. ಮಣ್ಣು, ನೀರು, ಗಿಡಬಳ್ಳಿಗಳಲ್ಲಿ ಏಕೇಂದ್ರಿಯ ಜೀವಗಳಿವೆ. ಎರೆಹುಳು, ಇರುವೆಗಳಿಂದ ಮೊದಲ್ಗೊಂಡು ಮೊಲ, ನವಿಲುಗಳವರೆಗೆ ತ್ರಸಜೀವಗಳಿವೆ. ಇಂದಿನವರು ಜೀವವೈವಿಧ್ಯವೆಂದು ಕರೆಯುವುದು ಈ ಜೀವರಾಶಿಯನ್ನೇ.

ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳಿಗೆ ‘ಕಾವಲು’ ಎಂಬ ಹೆಸರಿತ್ತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ವಿಸ್ತೀರ್ಣದ ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ಅದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಎರಡು ನೆಲಗಳ ಗತಿಯನ್ನೂ ನಿರ್ಧರಿಸಿದುದು ಮನುಷ್ಯನ ನಿರ್ಣಯವೇ.

ಹಾಗಾದರೆ ಕಾರ್ಖಾನೆಯೆಲ್ಲ ಪಾಪವೇ, ಗೃಹಸ್ಥನು ಬದುಕುವುದು ಹೇಗೆ, ಎಂದು ಕೇಳಬಹುದು. ಈ ಆಕ್ಷೇಪವು ನ್ಯಾಯವಾದುದು. ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಪೂರ್ಣವಾಗಿ ಬಿಡಲಾರನು. ಆದರೆ ಈ ಸಡಿಲಿಕೆಯು ಅವಶ್ಯಕತೆಗೆ ಸಂದುದೇ ಹೊರತು ಆಸೆಗೆ ಸಂದುದಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ, ಪ್ರಯೋಜನವಿಲ್ಲದೆ ನೆಲ, ನೀರು, ಗಿಡಗಳನ್ನು ಘಾಸಿಗೊಳಿಸುವುದನ್ನು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಮನೆ ಕಟ್ಟಲು ಒಂದು ಎಕರೆ ಸಾಕಾಗಿದ್ದು, ಬೆಲೆ ಏರಲೆಂದು ಇನ್ನೂ ಮೂರು ಎಕರೆಯನ್ನು ಬೋಳಿಸಿ ಇಟ್ಟರೆ, ಆ ಮೂರು ಎಕರೆಯ ಹಿಂಸೆಗೆ ಯಾವ ಉದ್ಯೋಗದ ನೆಪವೂ ದೊರೆಯದು. ಅಲ್ಲಿ ಪರಿಗ್ರಹ ಪರಿಮಾಣವೂ ಭಂಗವಾಗುತ್ತದೆ. ತಾನು ಕೈಯಾರೆ ಅಗೆಯಲಿಲ್ಲವೆಂಬ ಸಮಾಧಾನವೂ ಸಲ್ಲದು. ಕೃತ, ಕಾರಿತ, ಅನುಮೋದಿತ ಮೂರೂ ಬಂಧಕ್ಕೆ ಕಾರಣವೇ.

ಅವಶ್ಯವಾದ ಕಾರ್ಯದಲ್ಲಿಯೂ ಯತ್ನಾಚಾರಕ್ಕೆ ಎಡೆಯುಂಟು. ಹೊಲದಂಚಿನ ಬೇಲಿಯನ್ನು ಉಳಿಸಬಹುದು, ಹಳೆಯ ಹುಣಸೆ ಹೊಂಗೆಗಳನ್ನು ಬಿಡಬಹುದು, ಕೆರೆಗೆ ನೀರು ಹರಿಯುವ ಕಾಲುವೆಯನ್ನು ಮುಚ್ಚದಿರಬಹುದು. ಇವು ಸಣ್ಣವೆಂದು ತೋರಬಹುದು. ಅಲ್ಲಿ ನೆಲಸಿದ ಜೀವಿಗೆ ಅದೇ ಸರ್ವಸ್ವ.

ತುಮಕೂರಿನ ಸಮೀಪದ ಮಂದರಗಿರಿಯಲ್ಲಿ ಪಿಂಛಿಯ ಆಕಾರದ ಗುರುಮಂದಿರವಿದೆ. ಮುನಿಗಳು ಕೈಯಲ್ಲಿ ಹಿಡಿಯುವ ಆ ಪಿಂಛಿಯು ನವಿಲು ತಾನಾಗಿ ಉದುರಿಸಿದ ಗರಿಗಳಿಂದಾದುದು. ಕುಳಿತುಕೊಳ್ಳುವ ಮುನ್ನ ಇರುವೆಯನ್ನೂ ನೋಯಿಸದಂತೆ ನೆಲವನ್ನು ಸವರುವ ಸಾಧನವೇ ಕುರುಚಲು ಕಾಡಿನ ಹಕ್ಕಿಯೊಂದರ ಕೊಡುಗೆ. ಕೊಡುವ ಹಕ್ಕಿಗೆ ನಿಲ್ಲಲು ನೆಲವಿಲ್ಲದಂತೆ ಮಾಡಿ, ಗರಿಗೆ ಕೈಮುಗಿಯುವುದು ಹೇಗೆ?

ದಶಲಕ್ಷಣ ಪರ್ವದಲ್ಲಿ ವ್ರತಗಳನ್ನು ಸ್ವೀಕರಿಸುವ ಗೃಹಸ್ಥರು ತಟ್ಟೆಯ ಪದಾರ್ಥಗಳಿಗೆ ಮಿತಿಯನ್ನು ಹಾಕಿಕೊಳ್ಳುವಂತೆ ತಾವು ಹೊಂದುವ ನೆಲಕ್ಕೂ, ಕೆದಕುವ ನೆಲಕ್ಕೂ ಮಿತಿಯನ್ನು ಹಾಕಿಕೊಳ್ಳಲಿ. ಉಪವಾಸವು ಒಂದು ದಿನ ಜೀವಗಳನ್ನು ಉಳಿಸುತ್ತದೆ. ಆ ಮಿತಿಯು ತಲೆಮಾರುಗಳವರೆಗೆ ಉಳಿಸುತ್ತದೆ.