ಮಾವನ ಮಗಳು ತಂಗಿಯಾದ ದಿನ

ಹೋದ ದೀಪಾವಳಿಗೆ ಸಿಂದಗಿಯ ನಮ್ಮ ಓಣಿಯ ಒಂದು ಮನೆಗೆ ಗೋವಾದಿಂದ ಮಂದಿ ಬಂದಿದ್ದರು. ಗೌಂಡಿ ಕೆಲಸದ ಅಪ್ಪ, ನಾಲ್ಕು ಮನೆ ಮುಸುರೆ ತಿಕ್ಕುವ ಅವ್ವ, ಹದಿನಾರು ವರ್ಷದ ಮಗ. ಹುಡುಗ ಹುಟ್ಟಿದ್ದೂ ಬೆಳೆದದ್ದೂ ವಾಸ್ಕೋದಲ್ಲಿ. ಅವನ ಅಕ್ಕನನ್ನು ಮಾತ್ರ ಸಣ್ಣಾಕಿ ಇದ್ದಾಗಲೇ ಇಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಗುಳೆ ಹೋಗುವ ಮನೆಗಳಲ್ಲಿ ಇದು ಹೊಸದಲ್ಲ, ಒಂದು ಕೂಸು ಅಲ್ಲಿ, ಒಂದು ಕೂಸು ಇಲ್ಲಿ.

ಹುಡುಗ ಮೊಬೈಲಿನಲ್ಲಿ ಗೆಳೆಯನಿಗೆ ಮನೆಯನ್ನೆಲ್ಲ ತೋರಿಸುತ್ತಿದ್ದ. ಸೋದರಮಾವನ ಮಗಳು ಅಡ್ಡ ಬಂದಳು. ಆ ಕಡೆಯವನು ಹಿಂದಿಯಲ್ಲಿ ಯಾರೆಂದು ಕೇಳಿದ. ಇವನು ಸಹಜವಾಗಿ, ‘ಮೇರಿ ಬೆಹೆನ್’ ಅಂದ. ಹಂಚಿನ ಮುಂದೆ ಶೇಂಗಾದ ಹೋಳಿಗೆ ಬೇಯಿಸುತ್ತಿದ್ದ ಅಜ್ಜಿಗೆ ಹಿಂದಿ ಬಾರದಿದ್ದರೂ ಆ ಒಂದು ಶಬ್ದ ತಿಳಿಯಿತು. ‘ಲೇ ಹುಚ್ಚಪ್ಪಾ, ಮಾವನ ಮಗಳು ತಂಗಿ ಹ್ಯಾಂಗ ಆಗ್ತಾಳೋ?’ ಮನೆ ತುಂಬ ನಗು. ಹುಡುಗಿ ಒಳಗೆ ಓಡಿದಳು. ಹುಡುಗ ನಗಲಿಲ್ಲ. ಮೊಬೈಲ್ ಕಿಸೆಗೆ ಹಾಕಿಕೊಂಡು ಕಟ್ಟೆಗೆ ಬಂದು ಕುಂತ.

ನನಗೆ ಆ ಮುಖ ಮರೆಯಲಿಕ್ಕೆ ಆಗಿಲ್ಲ. ಎಲ್ಲರೂ ನಕ್ಕರೆಂಬ ನಾಚಿಕೆಯಷ್ಟೇ ಅದಾಗಿರಲಿಲ್ಲ. ಅವನು ಶಬ್ದ ತಪ್ಪಿರಲಿಲ್ಲ. ಅವನು ಬೆಳೆದ ಓಣಿಯಲ್ಲಿ ಉತ್ತರದ ಮಂದಿಯೇ ಹೆಚ್ಚು. ಅಲ್ಲಿ ಮಾವನ ಮಗಳೆಂದರೆ ತಂಗಿಯೇ. ಇಲ್ಲಿ ಅವಳು ಕೊಟ್ಟು ತರಬಹುದಾದ ಹೆಣ್ಣು, ಚೇಷ್ಟೆ ಮಾಡಬಹುದಾದ ಸಂಬಂಧ. ಒಂದು ಶಬ್ದ ಬದಲಾದರೆ ಒಬ್ಬ ಹುಡುಗಿಯ ಮುಂದೆ ಇವನು ಹೇಗೆ ನಿಲ್ಲಬೇಕು, ಎಲ್ಲಿ ನೋಡಬೇಕು, ಏನು ಅನ್ನಬಾರದು ಎಂಬುದೆಲ್ಲ ಬದಲಾಗುತ್ತದೆ. ‘ನಾನು’ ಎನ್ನುವುದು ಒಳಗೆಲ್ಲೋ ಭದ್ರವಾಗಿ ಕುಳಿತ ವಸ್ತು, ಊರು ಬದಲಾದರೆ ಅದರ ಅಂಗಿ ಮಾತ್ರ ಬದಲಾಗುತ್ತದೆ ಎಂದು ನಾನೂ ಬಹಳ ದಿನ ನಂಬಿದ್ದೆ. ಈಗ ಆ ನಂಬಿಕೆ ಸಡಿಲಾಗಿದೆ. ಯಾರು ನಮ್ಮನ್ನು ಏನೆಂದು ಕರೆಯುತ್ತಾರೆ, ನಾವು ಯಾರನ್ನು ಏನೆಂದು ಕರೆಯುತ್ತೇವೆ, ಅಷ್ಟರಲ್ಲೇ ನಾವು ಬಹುಮಟ್ಟಿಗೆ ಇರುತ್ತೇವೆ. ಕರೆಯುವವರು ಬದಲಾದರೆ ಮನುಷ್ಯ ಬದಲಾಗುತ್ತಾನೆ.

ನಮ್ಮ ಕಡೆ ಹೊಸ ಮುಖ ಕಂಡರೆ ಹೆಸರು ಕೇಳುವುದಿಲ್ಲ, ‘ಯಾರ ಪೈಕಿ ಅಪಾ ನೀ?’ ಅಂತ ಕೇಳುತ್ತೇವೆ. ಹುಡುಗ ಅಪ್ಪನ ಹೆಸರು ಹೇಳಿದ. ಕೇಳಿದ ಮುದುಕರು ‘ಓಹೋ, ಗೋವಾದಾಂವ’ ಅಂದರು. ಸಂಜೆ ಅವನು ನನಗೆ ಹೇಳಿದ: ‘ಅಲ್ಲಿ ನಮಗ ಘಾಟಿ ಅಂತಾರ್ರೀ. ಇಲ್ಲಿ ಬಂದ್ರ ಗೋವಾದಾಂವ ಅಂತಾರ.’ ಘಟ್ಟದ ಮೇಲಿನವರು ಎಂಬ ಅರ್ಥದ ಆ ಶಬ್ದ ಅಲ್ಲಿ ಬೈಗುಳ.

ಅವನ ಬಾಯಲ್ಲಿ ಕೊಂಕಣಿ ಬಂದಾಗ ನಗುವ ನಮ್ಮ ಹಿರಿಯರ ಮಾತನ್ನೂ ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಹೊಲದ ಕಾಗದಕ್ಕೆ ಉತಾರ, ನಿಜಕ್ಕೆ ಖರೆ, ಆಸ್ಪತ್ರೆಗೆ ದವಾಖಾನಿ. ಮರಾಠಿ, ಫಾರಸಿ ಎಲ್ಲ ನಮ್ಮ ನಾಲಿಗೆಯಲ್ಲಿ ಮನೆ ಮಾಡಿವೆ. ಸಂಬಳಕ್ಕೆ ನಾವು ಅನ್ನುವ ಪಗಾರ, ಪಲ್ಯಕ್ಕೆ ಹೆಚ್ಚುವ ಬಟಾಟಿ, ಇವೆರಡೂ ಪೋರ್ಚುಗೀಸರಿಂದ ಬಂದ ಶಬ್ದಗಳು. ಈ ಹುಡುಗನ ಅಪ್ಪ ಪಗಾರ ಹುಡುಕಿಕೊಂಡು ಗೋವಾಕ್ಕೆ ಹೋಗುವ ಎಷ್ಟೋ ತಲೆಮಾರು ಮೊದಲೇ ಆ ಶಬ್ದ ಕರಾವಳಿಯಿಂದ ಘಟ್ಟ ಹತ್ತಿ ನಮ್ಮಲ್ಲಿಗೆ ಬಂದಿತ್ತು. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಕಿತ್ತುಕೊಂಡದ್ದೂ ಬಿಜಾಪುರದ ಆದಿಲಶಾಹಿಗಳ ಕೈಯಿಂದಲೇ. ಪಣಜಿಯಲ್ಲಿ ಮಾಂಡವಿಯ ದಂಡೆಗೆ ಆದಿಲ್ ಶಾಹನ ಅರಮನೆ ಅನ್ನುವ ಕಟ್ಟಡ ಈಗಲೂ ನಿಂತಿದೆ. ಹುಡುಗ ಅದರ ಮುಂದೆ ಎಷ್ಟೋ ಸಲ ಹಾದುಹೋಗಿದ್ದಾನಂತೆ. ಅದಕ್ಕೂ ತನ್ನ ಜಿಲ್ಲೆಗೂ ನಂಟಿದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಇನ್ನು ಊರು ಬಿಟ್ಟು ಕದಲದ ಅಜ್ಜಿಯನ್ನೇ ನೋಡಿ. ಅವಳು ಹುಟ್ಟಿದಾಗ ಈ ಜಿಲ್ಲೆ ಮುಂಬಯಿ ಸರಕಾರದ ಕೈಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಕುಂತಲ್ಲೇ ಅವಳ ರಾಜ್ಯ ಬದಲಾಯಿತು.

ಇಂಥ ಮಾತು ಬಂದಾಗ ನಮ್ಮ ಭಾಷಣಕಾರರು ತಕ್ಷಣ ಬಸವಣ್ಣನನ್ನು ಕರೆತರುತ್ತಾರೆ. ಪಕ್ಕದ ಬಾಗೇವಾಡಿಯವನೇ ತಾನೆ. ಹರೆಯದಲ್ಲಿ ಮನೆ ಬಿಟ್ಟು ಕೂಡಲಸಂಗಮಕ್ಕೆ, ಅಲ್ಲಿಂದ ಈಗ ಸೋಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಗೆ, ಮುಂದೆ ಕಲ್ಯಾಣಕ್ಕೆ ಹೋದವನು. ಚಲನೆಯೇ ಬದುಕು ಎನ್ನಲು ಒಳ್ಳೆಯ ಉದಾಹರಣೆ. ಆದರೆ ಈ ಹೋಲಿಕೆಯನ್ನು ಹುಡುಗನ ಹೆಗಲ ಮೇಲೆ ಹೇರಲು ನನಗೆ ಮನಸ್ಸಿಲ್ಲ. ಬಸವಣ್ಣ ತನ್ನವರ ಜೊತೆ ಜಗಳ ತೆಗೆದು, ತಾನೇ ನಿರ್ಧರಿಸಿ ಹೊರಬಿದ್ದವನು. ಈ ಹುಡುಗ ಹುಟ್ಟುವ ಮೊದಲೇ, ಮಳೆ ಕೈಕೊಟ್ಟ ಹೊಲ ಅವನ ಪರವಾಗಿ ನಿರ್ಧರಿಸಿಬಿಟ್ಟಿತ್ತು. ಜಂಗಮದ ಹಿರಿಮೆಯನ್ನು ಸ್ವಂತ ಮನೆಯ ಕುರ್ಚಿಯಲ್ಲಿ ಕುಳಿತು ಹೊಗಳುವುದು ಸುಲಭ. ವಾಸ್ಕೋದ ಬೈನಾದಲ್ಲಿ ಕನ್ನಡಿಗರ ಮನೆಗಳನ್ನು 2017ರಲ್ಲಿ ಯಂತ್ರ ತಂದು ಕೆಡವಿದಾಗ ಆ ಮಕ್ಕಳಿಗೆ ಬೇಕಾಗಿದ್ದದ್ದು ನಿಲ್ಲಲು ಒಂದಿಷ್ಟು ಸ್ಥಾವರ.

ಹಾಗೆಂದು ಅವನನ್ನು ಎರಡೂ ಕಡೆ ಸಲ್ಲದವನು ಎಂದು ಮರುಗುವುದೂ ನನಗೆ ಒಪ್ಪಿಗೆಯಿಲ್ಲ. ನಮ್ಮ ತಾಂಡಾಗಳ ಮಕ್ಕಳನ್ನು ನೋಡಿ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಗುಳೆ ಹೋದಲ್ಲಿ ಮರಾಠಿಯೋ ಕೊಂಕಣಿಯೋ ಹಿಂದಿಯೋ. ಹತ್ತು ವರ್ಷಕ್ಕೆ ನಾಲ್ಕು ಭಾಷೆಯ ಹೊಸ್ತಿಲು ದಾಟಿರುತ್ತವೆ. ಯಾವ ಮನೆಯಲ್ಲಿ ಯಾವ ಶಬ್ದ ಒಳಗೆ ಒಯ್ಯಬೇಕು, ಯಾವುದನ್ನು ಚಪ್ಪಲಿಯ ಹಾಗೆ ಹೊರಗೆ ಬಿಡಬೇಕು ಎಂಬುದು ಅವಕ್ಕೆ ಗೊತ್ತು. ಇಷ್ಟು ಬಲ್ಲ ಮಗುವಿಗೆ ಶಾಲೆಯ ಅರ್ಜಿಯಲ್ಲಿ ಮಾತೃಭಾಷೆ ಎಂದು ಒಂದೇ ಗೆರೆ.

ಕಟ್ಟೆಯ ಮೇಲೆ ಕುಂತ ಹುಡುಗ ಕಡೆಗೆ ನನ್ನನ್ನು ಕೇಳಿದ: ‘ಮತ್ತ ಆಕಿ ನನಗ ಏನಾಗಬೇಕ್ರೀ?’ ‘ಮಾವನ ಮಗಳು’ ಅಂದೆ. ‘ಅದು ಗೊತ್ತೈತ್ರಿ. ನಾ ಆಕಿಗಿ ತಂಗಿ ಅಂದ್ರ ತಪ್ಪೇನು?’ ನನ್ನ ಹತ್ತಿರ ಉತ್ತರವಿರಲಿಲ್ಲ. ಒಳಗಿಂದ ಹುಡುಗಿಯೇ ತಾಟಿನಲ್ಲಿ ಹೋಳಿಗೆ ತಂದು, ಮಾತಾಡದೆ ಅವನ ಮುಂದಿಟ್ಟು ಹೋದಳು.

ಮುಂದಿನ ಹಬ್ಬಕ್ಕೆ ನಿಮ್ಮ ಓಣಿಗೂ ಇಂಥ ಮಕ್ಕಳು ಬರುತ್ತವೆ. ಅವುಗಳ ಮಾತು ಎಡವಿದರೆ ನಗಬೇಡಿ, ಕೂಡಿಸಿ ಉಣ್ಣಿಸಿರಿ.