ಮೊದಲ ಓಟ
ನಮ್ಮ ಭೀಮಸಮುದ್ರದಲ್ಲಿ ಅಡಿಕೆ ಸಸಿ ನೆಟ್ಟವರು ಫಸಲಿಗಾಗಿ ಐದಾರು ವರ್ಷ ಕಾಯುತ್ತಾರೆ. ಓಟದ ಪ್ರಾಣಿ ಸಾಕಿದವರಿಗೆ ಮಾತ್ರ ಅವಸರ. ಎಳೆಯ ಕುದುರೆಯಾಗಲಿ, ಕೋಣವಾಗಲಿ, ಅದನ್ನು ಮೊದಲು ಯಾವ ಓಟಕ್ಕೆ ಇಳಿಸಬೇಕು?

ಕರಾವಳಿಯ ಕಂಬಳದವರು ಇದಕ್ಕೊಂದು ಕ್ರಮ ಮಾಡಿಕೊಂಡಿದ್ದಾರೆ. ಎಳೆಯ ಕೋಣಗಳಿಗೆ ನೇಗಿಲು ಕಿರಿಯ ವಿಭಾಗ. ಪಳಗಿದ ಮೇಲೆ ನೇಗಿಲು ಹಿರಿಯ, ಹಗ್ಗ ಹಿರಿಯ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕಂಬಳಕ್ಕೆ ಅವಕಾಶ ಕೊಟ್ಟ ನಮ್ಮ ರಾಜ್ಯದ ಕಾಯಿದೆಯನ್ನು ಎತ್ತಿಹಿಡಿಯಿತು. ಕಾಯಿದೆ ಒಪ್ಪಿತು, ಸರಿ. ಕೋಣ ಒಪ್ಪಿದೆಯೇ ಎಂದು ಕೇಳುವವರು ಯಾರು?

ಬೇಡವೆನ್ನಲು ಬಾಯಿಲ್ಲದ ಜೀವದ ಪರವಾಗಿ ಸಾಕಿದವರೇ ಯೋಚಿಸಬೇಕು. ಮೊದಲ ಓಟದಲ್ಲಿ ಗೆಲುವು ಮುಖ್ಯವಲ್ಲ. ಅದು ಹೆದರದೆ ಓಡಿ ಮುಗಿಸಬೇಕು, ಮರುದಿನ ಗದ್ದೆ ಕಂಡರೆ ಹಿಂಜರಿಯಬಾರದು. ಐದು ವರ್ಷದ ಕೂಸನ್ನು ಸ್ಪರ್ಧೆಯ ವೇದಿಕೆಗೆ ಹತ್ತಿಸುವ ತಾಯಂದಿರೂ ಇಷ್ಟನ್ನು ಯೋಚಿಸಿದರೆ ಒಳ್ಳೆಯದು.